ಮೂರನೇ ಮನೆಯ ಒಳ್ಳೇದು, ಕೆಟ್ಟದ್ದು

ನಮ್ಮೂರ ಬಿಡುಮನೆಗಳಿಗೆ ಬಂದವರಿಗೆ ಬೀಗದ ಕೈ ಕೊಡುವುದು ನನ್ನ ಕೆಲಸ. ಸುಮ್ಮನೆ ಎತ್ತಿ ಕೊಡುವ ಹಾಗಿಲ್ಲ. ಬಂದವರನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಅಲ್ಲಿ ತಂಗುವುದರ ಒಳ್ಳೇದು ಏಳು, ಕೆಟ್ಟದ್ದು ಏಳು ಬಾಯಿಬಿಟ್ಟು ಹೇಳಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎರಡೂ ಕಡೆ ಸಮ ಬಂದರೆ ಮಾತ್ರ ಬೀಗದ ಕೈ ಕೊಡಬೇಕು ಅನ್ನುವುದು ಹಿರಿಯರು ಮಾಡಿಟ್ಟ ಕಟ್ಟಳೆ. ಹದಿನೆಂಟು ವರ್ಷದಿಂದ ಹೇಳುತ್ತಿದ್ದೇನೆ. ನನ್ನ ಹೆಸರು ಚೆಲುವಾಜಮ್ಮ ಅನ್ನುವುದನ್ನು ಮರೆತರೂ ಮರೆತೇನು, ಇದನ್ನು ಮರೆಯಲಾರೆ.

ಒಳ್ಳೇದು ಅಂದರೆ, ಗಾಳಿ ಚೆನ್ನಾಗಿದೆ. ಫೋನು ಹತ್ತುವುದಿಲ್ಲ. ಸೌದೆ ಒಲೆಯಲ್ಲಿ ಕಾಯಿಸಿದ ನೀರಿನ ಸ್ನಾನ ಸಿಗುತ್ತದೆ. ಊಟ ನಮ್ಮ ಕೈಯದ್ದು. ಜಗಲಿಯಲ್ಲಿ ಕೂತರೆ ಜಿಂಕೆ ಕಾಣುತ್ತದೆ. ಬೇಗ ನಿದ್ದೆ ಬರುತ್ತದೆ. ಕೆಟ್ಟದ್ದು ಅಂದರೆ, ಫೋನು ಹತ್ತುವುದಿಲ್ಲ. ಕರೆಂಟಿಲ್ಲ. ಪಾಯಖಾನೆ ಮೂವತ್ತು ಹೆಜ್ಜೆ ದೂರ, ಹದಿನೈದನೇ ಹೆಜ್ಜೆಯಲ್ಲಿ ಹುತ್ತ. ಮಂಚ ಕಿರುಗುಟ್ಟುತ್ತದೆ. ಕೋತಿಗಳು ಸೋಪು ಕದಿಯುತ್ತವೆ. ಜಿಂಕೆ ನೋಡಲೆಂದೇ ಬಂದವರಿಗೆ ಜಿಂಕೆ ಕಾಣುವುದಿಲ್ಲ. ಏಳನೆಯದು ಎರಡು ಪಟ್ಟಿಯಲ್ಲೂ ಒಂದೇ. ಈ ಮನೆಯಲ್ಲಿ ಒಂದು ರಾತ್ರಿ ಮಲಗಿದರೆ ನಿಮ್ಮದೊಂದು ಅಭ್ಯಾಸ ಇಲ್ಲೇ ಉಳಿಯುತ್ತದೆ. ನಿಮಗಿಂತ ಮುಂಚೆ ಮಲಗಿದವರು ಬಿಟ್ಟುಹೋದದ್ದು ನಿಮ್ಮ ಜೊತೆ ಹೊರಡುತ್ತದೆ.

ಹೊರಗಿನವರು ಇದನ್ನು ರೆಸಾರ್ಟ್ ಅನ್ನುತ್ತಾರೆ. ಬೋಳು ಗುಡ್ಡ ದಾಟಿದ ಮೇಲೆ ಬಿದಿರು ಕಾಡಿನ ಒಳಗೆ ಒಂಬತ್ತು ಮರದ ಮನೆಗಳು, ಒಂದಕ್ಕೊಂದು ಕೂಗಳತೆ ದೂರದಲ್ಲಿ. ಗಾಳಿಗೆಂದು ಬರುತ್ತೇವೆ ಅಂತ ಎಲ್ಲರೂ ಹೇಳುವುದು ಬರೀ ಬಾಯಿಮಾತಿಗೆ. ಬರುವುದು ಏಳನೆಯದಕ್ಕೆ. ಹಲ್ಲು ಕಡಿಯುವವರು, ಉಗುರು ಕಚ್ಚುವವರು, ಮಾತಿಗೆ ಮುಂಚೆ ಸುಳ್ಳು ಹೇಳುವವರು, ಮಾವನ ಮನೆಗೆ ಹೋದರೂ ಗೊರಕೆ ಬಿಡದವರು. ಅದಕ್ಕೆ ಬದಲಾಗಿ ಏನು ಬರುತ್ತದೋ ಅದು ಅವರವರ ಹಣೆಬರಹ. ಉಗುರು ಕಚ್ಚುವುದನ್ನು ಬಿಟ್ಟುಹೋದ ಹುಡುಗಿಯೊಬ್ಬಳಿಗೆ ಮಜ್ಜಿಗೆಗೆ ಸಕ್ಕರೆ ಹಾಕುವ ಅಭ್ಯಾಸ ಅಂಟಿತಂತೆ. ಪರವಾಗಿಲ್ಲ, ಕೈ ಚೆಂದವಾಯಿತಲ್ಲ ಅಂತ ಅವಳ ತಾಯಿ ಕಾಗದ ಬರೆದಿದ್ದರು.

ಯಾವ ಅಭ್ಯಾಸ ಉಳಿಯುತ್ತದೆ ಅನ್ನುವುದಕ್ಕೆ ಒಂದು ದಾರಿಯಿದೆ. ಆ ದಿನ ಬೆಳಗಿನಿಂದ ಸಂಜೆಯವರೆಗೆ ಯಾವುದನ್ನು ಹೆಚ್ಚು ಸಲ ಮಾಡುತ್ತೀರೋ ಅದೇ ಹೋಗುತ್ತದೆ. 'ಉಜ್ಜಿದ್ದು ಉದುರುತ್ತೆ' ಅನ್ನುತ್ತಾರೆ ನಮ್ಮೂರಲ್ಲಿ. ಹಾಗಾಗಿ ಬಂದವರು ಬೆಳಗಿನ ಬಸ್ಸಿಗೇ ಬಂದು, ಬಾಗಿಲು ತೆರೆದಿಟ್ಟ ಮನೆಯಲ್ಲಿ ಇಡೀ ದಿನ ಕೂತು ತಮ್ಮ ಅಭ್ಯಾಸವನ್ನು ಉಜ್ಜುತ್ತಾರೆ. ನಾನು ಎದುರಿಗೆ ಕಾವಲು ಕೂತು ಹುಣಸೆಬೀಜ ಇಟ್ಟು ಎಣಿಸುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಏಳು-ಏಳು ಹೇಳಿ ಬೀಗದ ಕೈ ಕೊಡುತ್ತೇನೆ. ಕಾವಲು ಯಾಕೆ ಅಂದರೆ, ಮನುಷ್ಯ ತಾನು ಏನೇನು ಮಾಡುತ್ತಾನೆ ಅನ್ನುವುದು ಅವನಿಗೇ ಗೊತ್ತಿರುವುದಿಲ್ಲ. ವಕೀಲರೊಬ್ಬರು ಸಿಗರೇಟು ಬಿಡಲು ಬಂದು, ನನ್ನ ಮಾತು ಕೇಳದೆ, ಒಂದೊಂದು ಸಿಗರೇಟಿಗೆ ಎರಡೆರಡು ಸಲ ಕನ್ನಡಕ ಒರೆಸಿಕೊಂಡರು. ಬೆಳಿಗ್ಗೆ ಸಿಗರೇಟು ಹಾಗೇ ಇತ್ತು, ಕನ್ನಡಕ ಮಬ್ಬಾಗಿತ್ತು.

ಅವರನ್ನು ಕಂಡು ನಾನು ನಕ್ಕಿದ್ದೆ. ನಕ್ಕಿದ್ದಕ್ಕೆ ಆಮೇಲೆ ಅನುಭವಿಸಿದೆ.

ನಮ್ಮ ಯಜಮಾನರು, ಹೆಸರು ಕೆಂಪರಾಜು, ಈ ಒಂಬತ್ತು ಮನೆಗಳ ಸೂರು, ಬಾಗಿಲು, ಮಂಚ ಎಲ್ಲವನ್ನೂ ನೋಡಿಕೊಳ್ಳುವ ಬಡಗಿ. ಒಳ್ಳೆಯ ಕೆಲಸಗಾರರು, ಮಾತು ಕಡಿಮೆ. ಬಾಯಲ್ಲಿ ಹೊಗೆಸೊಪ್ಪು ಇರುವಾಗ ಮಾತಾಡುವುದಾದರೂ ಹೇಗೆ! ದವಡೆಯ ಒಳಗೆ ಬಿಳಿ ಮಚ್ಚೆ ಕಂಡಾಗ ಡಾಕ್ಟರು, "ಇದನ್ನ ಬಿಡದಿದ್ರೆ ಇದು ನಿಮ್ಮನ್ನ ಬಿಡಲ್ಲ" ಅಂದುಬಿಟ್ಟರು. ಊರಿನವರಿಗೆ ಬಿಡುಮನೆಯಲ್ಲಿ ಮಲಗಲು ಆಯಸ್ಸಿಗೆ ಎರಡೇ ರಾತ್ರಿ. ಅದರಲ್ಲಿ ಒಂದು ರಾತ್ರಿಯನ್ನು ಹೊಗೆಸೊಪ್ಪಿಗೆ ಅಂತ ತೆಗೆದಿಟ್ಟೆವು. ಮೂರನೇ ಮನೆ ಖಾಲಿಯಿತ್ತು.

ಬೆಳಗಿನಿಂದ ಅವರು ಮೂರನೇ ಮನೆಯ ಒಳಗೆ ಚಾಪೆಯ ಮೇಲೆ ಕೂತು ಅಗಿಯುತ್ತಿದ್ದರು. ನಾನು ಪಕ್ಕದಲ್ಲಿ ಬೀಜ ಎಣಿಸುತ್ತಿದ್ದೆ. ಬೇರೆಯವರಾಗಿದ್ದರೆ ಕೈಕಟ್ಟಿ ಕೂತಿರುತ್ತಿದ್ದೆ, ಇವರು ನನ್ನ ಗಂಡ ನೋಡಿ, ನನ್ನ ಕೈ ಸುಮ್ಮನಿರಲಿಲ್ಲ. ಮನೆ ಯಾಕೋ ಚೊಕ್ಕಟವಿಲ್ಲ ಅನ್ನಿಸಿತು. ಪೊರಕೆ ತನ್ನಿ ಅಂದೆ. ತಂದರು. ಆ ದಿಂಬು ಗಂಟುಗಂಟು, ಮನೆಯಿಂದ ನಮ್ಮದೇ ದಿಂಬು ತನ್ನಿ ಅಂದೆ. ತಂದರು. ಲಾಟೀನು, ಸೀಮೆಎಣ್ಣೆ, ಕುಡಿಯುವ ನೀರು, ಬೇವಿನಸೊಪ್ಪು, ಇನ್ನೊಂದು ಕೊಡ ನೀರು. ಒಂದೊಂದು ಸಲ ಹೊಸ್ತಿಲು ದಾಟಿ ಒಳಗೆ ಬರುವಾಗಲೂ ಅವರು ಎಂದಿನಂತೆ, "ಬಂದೆ ಕಣೇ" ಅಂದರು. ನಾನು ಎಂದಿನಂತೆ, "ಬನ್ನಿ, ಕೈಕಾಲು ತೊಳ್ಕೊಳಿ" ಅಂದೆ. ಹೊಗೆಸೊಪ್ಪಿನ ಬೀಜ ಹನ್ನೊಂದಾಯಿತು. ಈ ಕರೆಗೆ ಯಾರು ಬೀಜ ಇಟ್ಟಿದ್ದರು?

ಆ 'ಬಂದೆ ಕಣೇ' ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು. ಮದುವೆಯಾಗಿ ಬಂದ ಐದನೇ ದಿನ, ನಾನು ಬಾಗಿಲಿಗೆ ಬೆನ್ನು ಮಾಡಿ ಗಂಜಿ ಬಸಿಯುತ್ತಿದ್ದೆ. ಇವರದು ಬೆಕ್ಕಿನ ಹೆಜ್ಜೆ. ಹಿಂದೆ ಬಂದು ನಿಂತದ್ದು ಗೊತ್ತಾಗದೆ ತಿರುಗಿದವಳು ಬೆಚ್ಚಿ, ತಪ್ಪಲೆ ಕೈಜಾರಿ, ಕುದಿಯುವ ಗಂಜಿ ಪಾದದ ಮೇಲೆ ಸುರಿಯಿತು. ಇವರು ಹಾಗೇ ನೆಲಕ್ಕೆ ಕುಸಿದು ಮಗುವಿನ ಹಾಗೆ ಅತ್ತುಬಿಟ್ಟರು. ಸುಟ್ಟದ್ದು ನನ್ನ ಕಾಲು, ಅತ್ತದ್ದು ಅವರು. ಮಾರನೇ ದಿನದಿಂದ ಹೊಸ್ತಿಲಲ್ಲೇ ನಿಂತು, "ಬಂದೆ ಕಣೇ" ಅನ್ನುವುದು, ನಾನು ಬನ್ನಿ ಅನ್ನುವ ತನಕ ಕಾಯುವುದು, ಆಮೇಲೆ ಒಳಗೆ ಕಾಲಿಡುವುದು. ಇಪ್ಪತ್ತಾರು ವರ್ಷ ತಪ್ಪಲಿಲ್ಲ. ಜಗಳವಾಡಿದ ದಿನವೂ ಮುಖ ಆ ಕಡೆ ತಿರುಗಿಸಿಕೊಂಡು ಅನ್ನುತ್ತಿದ್ದರು.

ಮೂರನೇ ಮನೆಯಲ್ಲಿ ಮಲಗಿ ಎದ್ದು ಬಂದ ಬೆಳಿಗ್ಗೆ, ನಾನು ಒಲೆಯ ಮುಂದಿನಿಂದ ತಿರುಗಿದರೆ ಇವರು ಬೆನ್ನ ಹಿಂದೆ ನಿಂತಿದ್ದರು. ಕಿಟಾರನೆ ಕಿರುಚಿದೆ. ಕೈಯಲ್ಲಿದ್ದ ಪಿಂಗಾಣಿ ಬಟ್ಟಲು ಒಡೆಯಿತು. ಅವರ ಬಾಯಿ ಅಗಿಯುತ್ತಿತ್ತು. ನಿನ್ನೆ ಅಷ್ಟು ಸಲ ಓಡಾಡಿಸಿದ್ದಕ್ಕೆ ಮುನಿಸಿಕೊಂಡು ಕರೆಯದೆ ಬಂದಿದ್ದಾರೆ ಅಂತ ನಾನಂದುಕೊಂಡೆ. ನಾನೂ ಮುಖ ಬಿಗಿದುಕೊಂಡೆ. ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಮೂರನೇ ದಿನ ಮತ್ತೊಂದು ಬಟ್ಟಲು ಒಡೆದಾಗ ಅವತ್ತು ತರಿಸಿದ್ದನ್ನೆಲ್ಲ ಬೆರಳು ಮಡಚಿ ಎಣಿಸಿದೆ. ಹನ್ನೊಂದು ಹೊಗೆಸೊಪ್ಪು, ಹದಿನಾಲ್ಕು 'ಬಂದೆ ಕಣೇ'. ಉಜ್ಜಿದ್ದು ಉದುರಿತ್ತು. ಉಜ್ಜಿಸಿದವಳು ನಾನೇ. ಮೂರನೇ ಮನೆಗೆ ಓಡಿದೆ. ಅಷ್ಟು ಹೊತ್ತಿಗೆ ಅಲ್ಲಿ ಒಬ್ಬರು ಮಲಗಿ ಎದ್ದು ಹೋಗಿ ಒಂದು ದಿನವಾಗಿತ್ತು.

ಎರಡು ದಿನದ ಹಿಂದೆ ನಾನೇ ಬೀಗದ ಕೈ ಕೊಟ್ಟವರು, ಪುಸ್ತಕದಲ್ಲಿ ಹೆಸರಿತ್ತು. ಗುರುಪಾದಪ್ಪ, ಬಯಲಸೀಮೆಯ ಕಡೆಯವರು, ರೈಲ್ವೆ ಗೇಟು ಕಾಯುತ್ತಿದ್ದವರು, ಈಗ ನಿವೃತ್ತರು. ರೈಲು ನಿಂತುಹೋದ ಮೇಲೂ ಬೆಳಿಗ್ಗೆ ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ ಎದ್ದು ನಿಂತು ಕೈ ಮುಂದೆ ಚಾಚುತ್ತಿದ್ದರಂತೆ, ಹಸಿರು ಬಾವುಟ ಹಿಡಿದವರ ಹಾಗೆ. ಅದನ್ನು ಬಿಡಲು ಬಂದಿದ್ದರು. ಬಿಟ್ಟೂ ಹೋದರು. ಅವರ ನಂತರ ಆ ಮನೆಗೆ ಬಂದ ಹೊಸ ಮದುಮಗ ಈಗಲೂ ಬೆಳಗಾಗೆದ್ದು ಹೆಂಡತಿಯ ಮೇಲೆ ಕೈ ಚಾಚಿ ನಿಲ್ಲುತ್ತಾನೆಂದು ಸುದ್ದಿ.

ನಾನು ಬಿಡುಮನೆ ಸಮಿತಿಯ ಅಧ್ಯಕ್ಷರಾದ ಹಾಲಪ್ಪನವರ ಹತ್ತಿರ ಹೋಗಿ, ಗುರುಪಾದಪ್ಪನವರಿಗೆ ಒಂದು ಕಾಗದ ಹಾಕಲೇ ಅಂತ ಕೇಳಿದೆ. ಅವರು ಹುಬ್ಬು ಗಂಟಿಕ್ಕಿದರು.

"ಏನು ಚೆಲುವಾಜಮ್ಮ, ಹೊಸಬರ ಹಾಗೆ ಕೇಳ್ತೀಯಲ್ಲ! ಬಿಟ್ಟಿದ್ದನ್ನ ಬೇಡಬಾರದು. ಇವತ್ತು ನೀನು ಕೇಳು, ನಾಳೆ ಇನ್ನೊಬ್ಬ ಕೇಳ್ತಾನೆ. ಬಂದೋರಿಗೆ ತಾವು ಹೊತ್ಕೊಂಡು ಹೋಗಿದ್ದು ಯಾರದು ಅಂತ ಗೊತ್ತಾಗಲೇಬಾರದು. ಗೊತ್ತಾದ್ರೆ ಯಾವನು ನೆಮ್ಮದಿಯಾಗಿ ಬದುಕ್ತಾನೆ?"

"ನಮ್ಮನೆಯವರದು ಇನ್ನೊಂದು ರಾತ್ರಿ ಬಾಕಿಯಿದೆ" ಅಂದೆ.

"ಅದನ್ನ ಹೊಗೆಸೊಪ್ಪಿಗೆ ಇಟ್ಕೋ ತಾಯಿ. ಕರೆಯೋದೇನು, ಹೇಳಿದ್ರೆ ಕರೀತಾನೆ."

ಹೇಳಿಯೂ ನೋಡಿದ್ದೆ. ಒಂದು ವಾರ ಹೇಳಿದೆ. ಇವರು ಪಾಪ, ನೆನಪಾದಾಗ ಹೊಸ್ತಿಲಲ್ಲಿ ನಿಂತು ವಿಳಾಸ ಓದುವವರಂತೆ 'ಬಂದೆ ಕಣೇ' ಅನ್ನುತ್ತಿದ್ದರು, ಸರಿಯಾಯಿತೇ ಅಂತ ನನ್ನ ಮುಖ ನೋಡುತ್ತಿದ್ದರು. ನನಗೆ ಅಳು ಬರುತ್ತಿತ್ತು. ಬೇಡ ಬಿಡಿ ಅಂದೆ. ಆಮೇಲೆ ಅವರು ಎಂದಿನ ಬೆಕ್ಕಿನ ಹೆಜ್ಜೆಯಲ್ಲೇ ಬಂದರು, ನಾನು ಬೆಚ್ಚುತ್ತಲೇ ಇದ್ದೆ. ಪಿಂಗಾಣಿ ತೆಗೆದಿಟ್ಟು ಸ್ಟೀಲು ಇಳಿಸಿದೆ. ಕರೆಯುವುದರ ಬದಲಿಗೆ ಅವರಿಗೆ ಮೂರನೇ ಮನೆಯಿಂದ ಬಂದದ್ದು, ಕೈಗೆ ಸಿಕ್ಕ ಕಾಗದವನ್ನೆಲ್ಲ ದೋಣಿ ಮಡಚುವ ಅಭ್ಯಾಸ. ಹೊಗೆಸೊಪ್ಪಿನ ಪೊಟ್ಟಣಗಳೆಲ್ಲ ಪುಟ್ಟ ದೋಣಿಗಳಾಗಿ ನಮ್ಮ ಕಿಟಕಿಯ ಮೇಲೆ ಸಾಲಾಗಿ ನಿಂತವು. ಡಾಕ್ಟರು ಬೈದರು, ನೆಂಟರು ಬೈದರು, ಎರಡನೇ ರಾತ್ರಿ ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕುತ್ತೀಯಾ ಅಂದರು. ನಾನು ಯಾರಿಗೂ ಹೇಳದೆ ಆ ರಾತ್ರಿಯನ್ನು ಕಾಯ್ದಿಟ್ಟೆ. ಗುರುಪಾದಪ್ಪ ಒಂದಲ್ಲ ಒಂದು ದಿನ ಬಂದು ಅದನ್ನು ಮೂರನೇ ಮನೆಯಲ್ಲಿ ಬಿಟ್ಟರೆ, ಮಾರನೇ ರಾತ್ರಿಯೇ ಇವರನ್ನು ಮಲಗಿಸಿ ವಾಪಸು ತರಬೇಕು. ಗಂಡನ ದವಡೆಗಿಂತ ನಿನಗೆ ನಿನ್ನ ಕಿವಿಯೇ ಹೆಚ್ಚಾಯಿತೇ ಅಂತ ನನ್ನ ಮನಸ್ಸೂ ಕೇಳುತ್ತಿತ್ತು. ಹೌದು, ಹೆಚ್ಚಾಗಿತ್ತು. ಸುಳ್ಳು ಯಾಕೆ ಹೇಳಲಿ?

ಒಂದು ವರ್ಷ ಒಂದು ತಿಂಗಳು ಕಳೆಯಿತು. ಒಂದು ದಿನ ಬೆಳಗಿನ ಬಸ್ಸು ಬಂದು ಹೋದ ಮೇಲೆ ನಾನು ಕಚೇರಿಯಲ್ಲಿ ಪುಸ್ತಕದ ಮೇಲೆ ಬಗ್ಗಿ ಬರೆಯುತ್ತಿದ್ದೆ.

"ಬಂದೆ ಕಣೇ."

ಪೆನ್ನು ಕೈಯಿಂದ ಬಿತ್ತು. ಅದೇ ರಾಗ. 'ಬಂ' ಮೇಲೆ ಒಂದಿಷ್ಟು ಭಾರ ಹಾಕಿ, 'ಕಣೇ'ಯನ್ನು ಮೆಲ್ಲಗೆ ಇಳಿಸುವುದು. ತಲೆಯೆತ್ತಿದರೆ ಹೊಸ್ತಿಲ ಆಚೆ ಗುರುಪಾದಪ್ಪ, ಅದೇ ಎತ್ತರದ ಮುದುಕರು, ಚೀಲ ಹಿಡಿದು ನಿಂತಿದ್ದರು. ಒಳಗೆ ಬರಲಿಲ್ಲ, ಏನನ್ನೋ ಕಾಯುವವರಂತೆ ನಿಂತೇ ಇದ್ದರು. ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಕಟ್ಟಳೆ ನೆನೆದು ನುಂಗಿದೆ. ಅವರೇ ಒಂದು ಗಳಿಗೆ ಬಿಟ್ಟು ನಾಚಿಕೊಂಡು ಒಳಗೆ ಬಂದರು.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾವ್ರ. ಇದನ್ನ ಬಿಟ್ಟು ಹೋಗಾಕ ಬಂದೀನಿ. ಹ್ವಾದ ವರ್ಷ ನಿಮ್ಮ ಮೂರನೇ ಮನ್ಯಾಗಿಂದ ಹತ್ಕೊಂಡೈತಿ. ನಮ್ಮ ಕಡೆ ಹಿಂಗ 'ಕಣೇ' ಅಂತ ಯಾರೂ ಅನ್ನೂದಿಲ್ರಿ. ಓಣ್ಯಾಗಿನ ಮಂದಿ ಬಿದ್ದು ಬಿದ್ದು ನಗ್ತಾರ. ಒಬ್ಬಾಂವ ಇರೂ ಮನ್ಯಾಗ ಯಾರನ್ನ ಕರೀತಿಯೋ ಮುದುಕಾ ಅಂತಾರ."

"ಮನೇಲಿ ಯಾರೂ ಇಲ್ವಾ?" ಅಂತ ಕೇಳಿದೆ.

"ಮದುವಿ ಆಗ್ಲಿಲ್ರಿ. ಗೇಟಿನ ಮನ್ಯಾಗ ಮೂವತ್ತೊಂದು ವರ್ಷ ಒಬ್ಬನ ಇದ್ದೆ. ಮಾತು ಬೇಕಂತ ಎಂದೂ ಅನಿಸಿರಲಿಲ್ಲ. ಈಗ ನೋಡ್ರಿ, ಬಾಯಿ ತಾನ ಅಂತೈತಿ. ಅಂದ ಮ್ಯಾಲ ಬಾಗಲದಾಗ ಒಂದು ಗಳಿಗಿ ನಿಂದರ್ತೀನಿ. ಯಾಕ ನಿಂತೀನಿ ಅಂತ ನನಗ ತಿಳೀವಲ್ದು. ಅನ್ನೂದಕ್ಕಿಂತ ಆ ನಿಂದರೂದ ಭಾಳ ತ್ರಾಸ ಆಗೈತ್ರಿ."

ಯಾಕೆ ನಿಲ್ಲುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ಎದೆ ಡವಗುಟ್ಟುತ್ತಿತ್ತು, ದುಃಖಕ್ಕಲ್ಲ, ಆಸೆಗೆ. ಮೂರನೇ ಮನೆ ಅವತ್ತು ಖಾಲಿಯಿತ್ತು. ನಾಳೆಯೂ ಖಾಲಿಯಿತ್ತು. ನಾನು ಏನೂ ಬೇಡಬೇಕಾಗಿರಲಿಲ್ಲ, ಬಂದವರೇ ಬಿಡುತ್ತೇನೆ ಅನ್ನುತ್ತಿದ್ದಾರೆ. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅಂದುಕೊಂಡು ಹುಣಸೆಬೀಜದ ಡಬ್ಬಿ ಎತ್ತಿಕೊಂಡೆ.

ಅವರು ಉಜ್ಜಲು ಶುರುಮಾಡಿದರು. ಜಗಲಿಯಿಂದ ಇಳಿದು, ಬಿದಿರು ಮೆಳೆಯವರೆಗೆ ನಡೆದು, ತಿರುಗಿ ಬಂದು, ಹೊಸ್ತಿಲಲ್ಲಿ ನಿಂತು, "ಬಂದೆ ಕಣೇ" ಅನ್ನುವುದು, ಒಂದು ಗಳಿಗೆ ಕಾಯುವುದು, ಒಳಗೆ ಬರುವುದು. ನಾನು ಒಳಗೆ ಗೋಡೆಗೊರಗಿ ಕೂತು ಬೀಜ ಇಡುತ್ತಿದ್ದೆ. ಹತ್ತು ಸಲ ತುಟಿಪಿಟಕ್ಕನ್ನದೆ ಇಟ್ಟೆ. ಹನ್ನೊಂದನೇ ಸಲ ಅವರು ಹಾಗೆ ಕಾಯುತ್ತಾ ನಿಂತದ್ದನ್ನು ನೋಡಲಾಗಲಿಲ್ಲ. ನೀರಡಿಸಿ ಬಂದವರಿಗೆ ಇದ್ದ ನೀರು ಇಲ್ಲ ಅಂದಂತಾಗುತ್ತಿತ್ತು.

"ಬನ್ನಿ, ಕೈಕಾಲು ತೊಳ್ಕೊಳಿ" ಅಂದೆ.

ಅವರು ಹೊಸ್ತಿಲಲ್ಲೇ ಬಾಗಿಲಿನ ಕಂಬ ಹಿಡಿದುಕೊಂಡರು. ಆಮೇಲೆ, "ಹಾಂ" ಅಂದರು. ಇನ್ನೇನೂ ಇಲ್ಲ, ಬರೀ "ಹಾಂ". ಹೋಗಿ ನಿಜವಾಗಿಯೂ ಕೈಕಾಲು ತೊಳೆದು ಬಂದರು.

ಅಲ್ಲಿಂದ ಮುಂದೆ ಒಂದು ಸಲವೂ ಉತ್ತರ ತಪ್ಪಿಸಲಿಲ್ಲ. ಅವರು ಕರೆದರು, ನಾನು ಬನ್ನಿ ಅಂದೆ. ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಅಂದೆ, ಹುಳಿಗೆ ಕೊತ್ತಂಬರಿ ಹುರಿಯುತ್ತಾ ಅಂದೆ, ಒಲೆಗೆ ಬೆನ್ನು ಮಾಡದೆ, ಬಾಗಿಲಿಗೆ ಬೆನ್ನು ಮಾಡಿಯೇ ಅಂದೆ. ಒಂದು ವರ್ಷದಿಂದ ನನ್ನ ಹೆಗಲು ಕಿವಿಯ ಹತ್ತಿರ ಏರಿ ಕೂತಿತ್ತು ಅನ್ನುವುದು, ಅದು ಕೆಳಗಿಳಿದಾಗಲೇ ನನಗೆ ತಿಳಿಯಿತು. ನನಗೆ ತುಂಬ ಸುಖವಾಯಿತು. ಅನ್ಯರ ಬಾಯಿಂದ ಗಂಡನ ಮಾತು ಕೇಳಿ ಸುಖಪಡುವುದು ನಾಚಿಕೆಗೇಡು ಅನ್ನುವವರು ಅನ್ನಲಿ.

ಮಧ್ಯಾಹ್ನ ಊಟದ ಹೊತ್ತಿಗೆ ಐದನೇ ಮನೆಯ ಸೂರಿನ ಮೇಲಿದ್ದ ನಮ್ಮನೆಯವರು ಇಳಿದು ಬಂದರು. ಎಂದಿನಂತೆ ಸದ್ದಿಲ್ಲ. ನಾನು ಬೆಚ್ಚಿಬಿದ್ದೆ, ಸೌಟು ಹುಳಿಯೊಳಗೆ ಮುಳುಗಿತು. ಗುರುಪಾದಪ್ಪ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಊಟ ಮಾಡಿ ಗುರುಪಾದಪ್ಪ ಮತ್ತೆ ಹೊರಗೆ ಹೋಗಿ ಬಂದು, "ಬಂದೆ ಕಣೇ" ಅಂದಾಗ ನಾನು ಉಸಿರು ಬಿಗಿಹಿಡಿದು ಇವರ ಮುಖವನ್ನೇ ನೋಡಿದೆ. ಇವರು ಅಂಗೈಯಲ್ಲಿ ಸುಣ್ಣ ತಿಕ್ಕುತ್ತಾ ತಲೆಯೆತ್ತಿದರು.

"ಯಾರೇ ಅವ್ರು? ಹೆಂಡ್ತೀನೂ ಕರ್ಕೊಂಡ್ ಬಂದವ್ರಾ?"

"ಇಲ್ಲ. ಒಬ್ರೇ" ಅಂದೆ.

"ಪಾಪ" ಅಂದು ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡು, ಖಾಲಿ ಪೊಟ್ಟಣವನ್ನು ದೋಣಿ ಮಡಚಿ ಕಿಟಕಿಯ ಮೇಲಿಟ್ಟು ಹೋದರು. ತನ್ನದನ್ನು ತಾನೇ ಗುರುತು ಹಿಡಿಯಲಿಲ್ಲ. ಆಗಲಿ, ನಾಳೆ ರಾತ್ರಿ ಒಂದು ಕಳೆಯಲಿ, ಎಲ್ಲ ಸರಿಹೋಗುತ್ತದೆ ಅಂತ ಸಮಾಧಾನ ಮಾಡಿಕೊಂಡೆ.

ಸಂಜೆಗೆ ಬೀಜ ಅರವತ್ತೆರಡಾಯಿತು. ಅಷ್ಟು ಉಜ್ಜಿದ ಮೇಲೆ ಎಂಥ ಅಭ್ಯಾಸವಾದರೂ ಉದುರಲೇಬೇಕು. ದೀಪ ಹಚ್ಚಿ, ಲೋಟದಲ್ಲಿ ನೀರು ಕೊಟ್ಟು, ಬೀಗದ ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಗುಡ್ಡದ ಕೆಳಗೆ ಕೊನೆಯ ಬಸ್ಸು ಬಂದು ತಿರುಗಿಸಿಕೊಳ್ಳುವ ಸದ್ದಾಯಿತು. ಗಾಳಿ ಚೆನ್ನಾಗಿದೆ ಅಂತ ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಆ ಏಳು ಏಳು ಹ್ವಾದ ವರ್ಷ ಕೇಳೀನ್ರಿ. ಜಿಂಕಿ ಕಾಣೂದಿಲ್ಲ, ಗೊತ್ತೈತಿ. ನನಗ ಇವತ್ತು ಇದೊಂದರದ್ದ ಹೇಳ್ರಿ. ಇವತ್ತ ಇಲ್ಲಿ ಮಲಗಿ ಇದನ್ನ ಬಿಟ್ರ ನನಗ ಒಳ್ಳೇದೇನು, ಕೆಟ್ಟದ್ದೇನು? ಬೆಳಿಗ್ಗೆ ಬರೂವಾಗ ಗ್ಯಾರಂಟಿ ಇತ್ತು. ಈಗ ಯಾಕೋ ಇಲ್ಲ."

ಕೇಳಿದರೆ ಹೇಳಲೇಬೇಕು, ಅದೂ ಕಟ್ಟಳೆಯೇ. ಎಷ್ಟೇ ಹೇಳಲಿ, ಎರಡೂ ಕಡೆ ಸಮ ಬರಬೇಕು.

"ಒಳ್ಳೇದು ಒಂದು" ಅಂದೆ. "ನಿಮ್ಮ ಓಣಿಯೋರು ನಗೋದು ನಿಲ್ಲತ್ತೆ. ಕೆಟ್ಟದ್ದು ಒಂದು, ನಿಮ್ಮ ಮನೇಲಿ ಇರೋ ಒಂದೇ ಒಂದು ಮಾತೂ ನಿಲ್ಲತ್ತೆ."

ಅವರು ತಲೆದೂಗಿದರು.

"ಒಳ್ಳೇದು ಎರಡು. ಬಾರದೇ ಇರೋ ಉತ್ತರಕ್ಕೆ ಬಾಗಿಲಲ್ಲಿ ನಿಂತು ಕಾಯೋದು ತಪ್ಪತ್ತೆ. ಕೆಟ್ಟದ್ದು ಎರಡು." ದೀಪದ ಬತ್ತಿ ಸ್ವಲ್ಪ ಏರಿಸಿದೆ. "ಇವತ್ತು ಉತ್ತರ ಬಂತು. ಅದು ಹೇಗಿತ್ತು ಅಂತ ಇನ್ನು ನಿಮಗೆ ಗೊತ್ತು. ನಾಳೆ ನಿಮ್ಮ ಹೊಸ್ತಿಲಲ್ಲಿ ನಿಂತಾಗ ಅದು ಕಿವೀಲಿ ಇರತ್ತೆ. ಕರೆಯೋದನ್ನೇ ಬಿಟ್ರೆ ಅದೂ ಹೋಗತ್ತೆ."

"ಹೌದ್ರಿ" ಅಂದರು.

"ಕೆಟ್ಟದ್ದು ಮೂರು" ಅಂದುಬಿಟ್ಟೆ. ಒಳ್ಳೇದನ್ನು ಮೊದಲು ಹೇಳಬೇಕಿತ್ತು, ಬಾಯಿ ತಪ್ಪಿ ಇದೇ ಮುಂದೆ ಬಂತು. "ನೀವು ಮನೆಗೆ ಬಂದಿದ್ದು ಯಾರಿಗೂ ಗೊತ್ತಾಗಲ್ಲ. ನಿಮಗೂ ಗೊತ್ತಾಗಲ್ಲ."

ಈಗ ಮೂರನೇ ಒಳ್ಳೇದು ಬೇಕಾಗಿತ್ತು. ಒಂದೇ ಒಂದು. ಹೇಳಿಬಿಟ್ಟರೆ ಲೆಕ್ಕ ಸಮ, ಬೀಗದ ಕೈ ಅವರಿಗೆ, ಆ ಕರೆ ನಾಳೆ ರಾತ್ರಿ ನಮ್ಮನೆಯವರಿಗೆ, ನಾಡಿದ್ದು ಬೆಳಿಗ್ಗೆ ನನ್ನ ಹೊಸ್ತಿಲಿಗೆ. ಹದಿನೆಂಟು ವರ್ಷ ಕಾಣದ ಜಿಂಕೆಯನ್ನು ಕಾಣುತ್ತದೆ ಅಂದ ಬಾಯಿ ಇದು, ಒಂದು ಒಳ್ಳೇದು ಹುಟ್ಟಿಸುವುದು ಏನು ಮಹಾ? ಅದೂ ಅಲ್ಲದೆ ಮೂರನೆಯ ಒಳ್ಳೇದು ಒಂದು ಇದ್ದೇ ಇತ್ತು, ಹುಟ್ಟಿಸಬೇಕಾಗಿಯೂ ಇರಲಿಲ್ಲ. ಆದರೆ ಅದು ಅವರಿಗೆ ಒಳ್ಳೇದಲ್ಲ, ನನಗೆ ಒಳ್ಳೇದು. ತಂಗುವವರ ಪಟ್ಟಿಯಲ್ಲಿ ಬೀಗದ ಕೈ ಕೊಡುವವಳ ಒಳ್ಳೇದನ್ನು ಸೇರಿಸಿದರೆ ನಾನು ಇಷ್ಟು ವರ್ಷ ಇಲ್ಲಿ ಕೂತಿದ್ದಕ್ಕೆ ಅರ್ಥವೇನು? ಬಸ್ಸು ಒಂದು ಸಲ ಹಾರನ್ನು ಹೊಡೆಯಿತು.

"ಒಳ್ಳೇದು ಎರಡೇ ಬಂತು" ಅಂದೆ. "ಕೆಟ್ಟದ್ದು ಮೂರು. ಬೀಗದ ಕೈ ಕೊಡಕ್ಕಾಗಲ್ಲ."

"ಇನ್ನೊಂದು ನಿಮ್ಮ ಬಾಯಾಗ ಐತ್ರಿ."

"ಇದೆ. ಅದು ತಂಗೋರದ್ದಲ್ಲ."

ಅವರು ನನ್ನನ್ನು ನೋಡಿದರು, ಆಮೇಲೆ ಕಿಟಕಿಯ ಮೇಲಿದ್ದ ಕಾಗದದ ದೋಣಿಯನ್ನು ನೋಡಿದರು. "ಮಧ್ಯಾಹ್ನ ಯಜಮಾನ್ರು ಸದ್ದಿಲ್ಲದ ಬಂದ್ರು. ನೀವು ಬೆಚ್ಚಿದ್ರಿ. ನಾ ಕರದ್ರ ಮಾತ್ರ ತಿರುಗಿ ಸೈತ ನೋಡದ ಬನ್ನಿ ಅಂತಿದ್ರಿ. ನಾ ಅನ್ನೂದು ಮುಗಿಯೂಕಿಂತ ಮೊದಲ ನಿಮ್ಮ ಉತ್ತರ ಬರ್ತಿತ್ತು." ಅವರು ಚೀಲವನ್ನು ಕೆಳಗಿಟ್ಟರು. "ಲೆಕ್ಕ ಗಿಕ್ಕ ಬಿಡ್ರಿ ಅಕ್ಕಾವ್ರ. ಕೀಲಿಕೈ ಕೊಡ್ರಿ. ಮಲಗತೀನಿ. ಯಾರದೈತೋ ಅವ್ರಿಗೆ ಹೋಗ್ಲಿ."

ಬೇಡಬಾರದ್ದು ಬೇಡದೆಯೇ ಅಂಗೈಗೆ ಬಂದಿತ್ತು. ಆ ಗಳಿಗೆಯಲ್ಲಿ ನನಗೆ ಅದು ಬೇಕೇ ಬೇಕಾಗಿತ್ತು. ಆದರೆ ಬೆಳಗಿನಿಂದ ಅವರು ಹೊಸ್ತಿಲಲ್ಲಿ ಕಾಯುತ್ತಾ ನಿಂತದ್ದು, ಆ "ಹಾಂ", ಹೋಗಿ ಕೈಕಾಲು ತೊಳೆದು ಬಂದದ್ದು ಎಲ್ಲ ಕಣ್ಣ ಮುಂದಿತ್ತು.

"ಬೇಡ" ಅಂದೆ. "ನಿಮ್ಮಿಂದ ಇದು ಹೋದ್ರೆ ಮತ್ತೆ ಹೊಸದಾಗಿ ಕಲಿಸೋರು ಮನೇಲಿ ಯಾರೂ ಇಲ್ಲ. ನಮ್ಮನೇಲಿ ಇಬ್ಬರಿದ್ದೀವಿ."

ಅವರು ಚೀಲ ಎತ್ತಿಕೊಂಡು ಕೈಮುಗಿದರು. ಬಸ್ಸಿನ ತನಕ ಹೋಗಿ ಬಿಟ್ಟುಬಂದೆ. ಮೆಟ್ಟಿಲ ಮೇಲೆ ಕಾಲಿಡುತ್ತಲೇ, "ಬಂದೆ ಕಣೇ" ಅಂದರು. ಬಸ್ಸೆಲ್ಲ ನಕ್ಕಿತು. ಮೆಟ್ಟಿಲಲ್ಲೇ ನಿಂತು ಕಾಯುತ್ತಿದ್ದವರನ್ನು ನೋಡಿ ಕಂಡಕ್ಟರು, "ಬಾ ಮಾರಾಯಾ, ಒಳಗೆ ಬಾ" ಅಂದ. ಅವರು ಒಳಗೆ ಹೋಗಿ ಕೂತರು.

ಮೂರನೇ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ, ಮನೆಯ ಕಡೆ ನಡೆದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ದೊಡ್ಡ ಧರ್ಮರಾಯಿ! ಕೈಗೆ ಬಂದದ್ದನ್ನು ಬಸ್ಸು ಹತ್ತಿಸಿ ಬಂದೆ. ಇನ್ನೊಂದು ವರ್ಷ ಬೆಚ್ಚು, ಸ್ಟೀಲು ಬಟ್ಟಲಲ್ಲಿ ಕಾಫಿ ಕುಡಿ. ಅಳುವೂ ಬಂತು, ಸೆರಗಿನಿಂದ ಒರೆಸಿಕೊಂಡೆ.

ನಮ್ಮ ಮನೆಯ ಬಾಗಿಲು ತೆರೆದಿತ್ತು. ಇವರು ನಡುಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು ಉಳಿಗೆ ಸಾಣೆ ಹಿಡಿಯುತ್ತಿದ್ದರು. ಆಗಷ್ಟೇ ಹೊಗೆಸೊಪ್ಪು ಹಾಕಿಕೊಂಡಿದ್ದರು, ಕೆನ್ನೆ ಉಬ್ಬಿತ್ತು. ಇಪ್ಪತ್ತೇಳು ವರ್ಷದಲ್ಲಿ ನಾನು ಯಾವತ್ತೂ ಹೇಳಿಕೊಂಡು ಒಳಗೆ ಬಂದವಳಲ್ಲ. ಬಂದೆ ಅನ್ನುವುದು ಅವರ ಪಾಲು, ಬನ್ನಿ ಅನ್ನುವುದು ನನ್ನ ಪಾಲು ಅಂದುಕೊಂಡಿದ್ದೆ. ಉಳಿ ಹಿಡಿದ ಕೈ ಬೆಚ್ಚೀತು ಅನ್ನಿಸಿತು. ಹೊಸ್ತಿಲ ಆಚೆಯೇ ನಿಂತೆ.

"ಬಂದೆ ಕಣ್ರೀ" ಅಂದೆ.

ಸಾಣೆ ನಿಂತಿತು. ಅವರು ತಿರುಗಿ ನೋಡಿದರು. ನಾನು ಒಳಗೆ ಹೋಗಲಿಲ್ಲ, ಗುರುಪಾದಪ್ಪನವರ ಹಾಗೆ ಕಂಬ ಹಿಡಿದು ಕಾದೆ. ಅವರು ಏನೋ ಹೇಳಲು ಹೊರಟರು, ಬಾಯಿ ತುಂಬಿತ್ತು, ಬರೀ ಗೊರಗೊರ ಆಯಿತು. ಒಂದು ಬೆರಳೆತ್ತಿ ಇರು ಅನ್ನುವ ಹಾಗೆ ಸನ್ನೆ ಮಾಡಿ, ಉಳಿ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದರು. ಉಗುಳಿದ ಸದ್ದು ಕೇಳಿಸಿತು. ಒಂದು ಸಲ ಹಾಕಿಕೊಂಡರೆ ಊಟದ ಹೊತ್ತಿನವರೆಗೆ ತೆಗೆಯದ ಮನುಷ್ಯ. ಆಮೇಲೆ ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದ ಸದ್ದು, ಒಂದು ಸಲ, ಇನ್ನೊಂದು ಸಲ. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಅವರು ಮೀಸೆ ಒರೆಸಿಕೊಳ್ಳುತ್ತಾ ನಡುಮನೆಗೆ ವಾಪಸು ಬಂದರು.

"ಬಾ" ಅಂದರು. "ಕೈಕಾಲು ತೊಳ್ಕೋ."